ಕೆಂಪು ಚೀಟಿಯ ಚೀಲ

ಅಡುಗೆಮನೆಗೆ ಮೂರು ಬುಟ್ಟಿಗಳು ಬಂದು ಹದಿನೈದು ದಿನವಾಗಿತ್ತು. ಹಸಿರು ಬುಟ್ಟಿಗೆ ಹಸಿ ಕಸ, ನೀಲಿ ಬುಟ್ಟಿಗೆ ಒಣ ಕಸ, ಕೆಂಪು ಬುಟ್ಟಿಗೆ ಬ್ಲೇಡು, ಬಲ್ಬು, ಹಳೇ ಮಾತ್ರೆ. ಇಷ್ಟನ್ನು ಮೂರು ವರ್ಷದ ಮಗುವೂ ಕಲಿಯುತ್ತದೆ. ಆದರೆ ಆ ಮನೆಯಲ್ಲಿ ಇದ್ದದ್ದು ನಲವತ್ತೆಂಟು ವರ್ಷದ ನಾಳೆರಾಯರು.

ಅವರ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಯಾವ ಕೆಲಸ ಹೇಳಿದರೂ "ನಾಳೆ ಮಾಡಿದ್ರಾಯ್ತು ಬಿಡಿ" ಅನ್ನುವ ಗುಮಾಸ್ತರಿಗೆ ಹನ್ನೆರಡು ಮನೆಗಳ ಆ ಕಟ್ಟಡ ಬೇರೆ ಯಾವ ಹೆಸರು ಇಟ್ಟೀತು? ಹೆಂಡತಿ ಶಾಲೆಯಲ್ಲಿ ಟೀಚರ್. ನಾಳೆಯ ಕೆಲಸವನ್ನು ನಿನ್ನೆಯೇ ಮುಗಿಸಿ ಕೂತಿರುವ ಹೆಂಗಸು. ಇಬ್ಬರೂ ಇಪ್ಪತ್ತು ವರ್ಷ ಹೇಗೆ ಬಾಳಿದರೋ, ದೇವರೇ ಬಲ್ಲ.

ಅಂದು ಕಟ್ಟಡಕ್ಕೆ ಕಸದ ಗಾಡಿ ಮೊದಲ ಸಲ ಬರುವ ದಿನ. ಸಂಜೆ ಆರಕ್ಕೆ ಕೆಳಗೆ ಸಭೆ. ಕಸದ ಉಸ್ತುವಾರಿ ಯಾರು ಅಂತ ಅಲ್ಲೇ ತೀರ್ಮಾನ. ಟೀಚರ್ ಅದಕ್ಕಾಗಿ ಹದಿನೈದು ದಿನದಿಂದ ಮನೆಮನೆ ಮೆಟ್ಟಿಲು ಹತ್ತಿಳಿದಿದ್ದರು. ಎದುರಾಳಿ, ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು. ಕಸವನ್ನು ಹಿಂದಿನಂತೆ ಹಿತ್ತಲಲ್ಲಿ ಸುಟ್ಟರೆ ಸಾಕು ಎನ್ನುವುದು ಅವರ ವಾದ.

"ಮನೆ ಗೆದ್ದು ಮಾರು ಗೆಲ್ಲಬೇಕಮ್ಮಾ," ಎಂದು ಅವರು ಹಿಂದಿನ ದಿನವಷ್ಟೇ ಎಲ್ಲರ ಮುಂದೆ ನಕ್ಕಿದ್ದರು. "ನಿಮ್ಮ ಯಜಮಾನ್ರು ತಮ್ಮ ಕೈಯಾರೆ ಕಸ ಬೇರೆ ಮಾಡಿದ ದಿನ ನಾನು ನನ್ನ ಹೆಸರು ವಾಪಸ್ ತಗೋತೀನಿ!"

ಬೆಳಿಗ್ಗೆ ಶಾಲೆಗೆ ಹೊರಡುವಾಗ ಟೀಚರ್ ಗಂಡನ ಮುಂದೆ ನಿಂತರು. "ರೀ, ಏಳೂವರೆಗೆ ಗಾಡಿ ಬರುತ್ತೆ. ಎಲ್ಲಾ ನಾನೇ ಬೇರೆ ಮಾಡಿಟ್ಟಿದೀನಿ. ಮೂರು ಚೀಲಕ್ಕೆ ಹಾಕಿ ಗೇಟಿನ ಹತ್ರ ಇಡೋದಷ್ಟೇ. ಇವತ್ತೊಂದಿನ ನನ್ನ ಮಾನ ಉಳಿಸಿ."

"ಅಯ್ಯೋ, ಅಷ್ಟೇ ತಾನೆ! ಹೋಗ್ಬಾ ನೀನು."

ಗಾಡಿಯ ಸೀಟಿ ಕೇಳಿದಾಗ ನಾಳೆರಾಯರ ಅರ್ಧ ಮುಖಕ್ಕೆ ಶೇವಿಂಗ್ ನೊರೆ ಮೆತ್ತಿತ್ತು. ಮೂರು ಚೀಲ ಹುಡುಕುವಷ್ಟು ಹೊತ್ತೆಲ್ಲಿ? ಕೈಗೆ ಸಿಕ್ಕ ಒಂದೇ ನೀಲಿ ಚೀಲಕ್ಕೆ ಮೂರೂ ಬುಟ್ಟಿ ಸುರಿದು, ಗೋಡೆಯ ಮೇಲಿದ್ದ ಯಾವುದೋ ಕಾಗದ ಕಿತ್ತು ಗಲ್ಲದ ನೊರೆ ಒರೆಸಿ, ಅದನ್ನೂ ತುರುಕಿ, ಕೆಳಗೆ ಓಡಿ ಸಾಲಿನಲ್ಲಿದ್ದ ಚೀಲಗಳ ನಡುವೆ ಇಟ್ಟು ಬಂದರು. ನಾಳೆಯಿಂದ ಸರಿಯಾಗಿ ಮಾಡಿದರಾಯಿತು!

ಎಂಟೂವರೆಗೆ ಕಚೇರಿಗೆಂದು ಬಾಗಿಲು ತೆರೆದರು. ಹೊಸ್ತಿಲಾಚೆ ಅದೇ ನೀಲಿ ಚೀಲ. ಅದರ ಕೊರಳಿಗೆ ಕೆಂಪು ಚೀಟಿ: "ವಿಂಗಡಿಸಿಲ್ಲ. ಮನೆಗೆ ವಾಪಸ್."

ಇದು ನಮ್ಮ ಮನೆಯ ಚೀಲ ಅಂತ ಗಾಡಿಯವರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಹೊಳೆಯುವುದೂ ಇಲ್ಲ. ಚೀಟಿಯನ್ನು ಕಿತ್ತು ಷರಟಿನ ಜೇಬಿಗೆ ಹಾಕಿ, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದರು. ಅರ್ಧದಾರಿಯಲ್ಲಿ ಹೆಡ್‌ಮಾಸ್ಟರು!

"ಏನ್ರೀ ಅದು?"

"ಕಚೇರಿ ಫೈಲು ಸಾರ್."

"ಬಾಳೆಹಣ್ಣಿನ ವಾಸನೆ ಬರ್ತಿದೆಯಲ್ರೀ?"

"ಹಳೇ ಫೈಲು ಸಾರ್, ಹಣ್ಣಾಗಿಬಿಟ್ಟಿದೆ."

ಚೀಲವನ್ನು ಬಸ್ಸಿನ ಸೀಟಿನಡಿ ಬಿಟ್ಟು ಇಳಿದರು. "ಸಾರ್, ಸಾರ್, ಮರೆತ್ರಿ!" ಎಂದು ಪುಣ್ಯಾತ್ಮನೊಬ್ಬ ಚಲಿಸುವ ಬಸ್ಸಿನಿಂದ ಜಿಗಿದು ಓಡಿಬಂದು ಕೈಗಿತ್ತ. ಪರ್ಸು ಬಿಟ್ಟಿದ್ದರೆ ಇವನು ಬರುತ್ತಿದ್ದನೇ? ರಸ್ತೆ ಬದಿಯ ತೊಟ್ಟಿಗೆ ಹಾಕೋಣವೆಂದರೆ ಗುಡಿಸುವಾಕೆ ಪೊರಕೆ ಅಡ್ಡ ಹಿಡಿದು, "ಬೇರೆ ಮಾಡಿದೀರಾ?" ಎಂದಳು. ನಾಳೆರಾಯರು ಬಾಲ ಮುದುರಿಕೊಂಡು ಕಚೇರಿ ಸೇರಿದರು. ಚೀಲ ಮೇಜಿನ ಕೆಳಗೆ ಸೇರಿತು.

ಹನ್ನೊಂದರ ಹೊತ್ತಿಗೆ ಟೈಪಿಸ್ಟ್ ಮೂಗು ಮುಚ್ಚಿಕೊಂಡರು. ಜವಾನ ಬಗ್ಗಿ ಚೀಲ ಎಳೆದು, ಒಳಗೆ ನೋಡಿದ.

"ಏನ್ ಸಾರ್ ಇದು? ಬಾಳೆ ಸಿಪ್ಪೆ ಜೊತೆ ಬ್ಲೇಡು! ನಮ್ಮಕ್ಕ ಕಸ ಆರಿಸೋ ಕೆಲಸ ಮಾಡ್ತಾಳೆ. ಅವಳ ಬೆರಳು ನೋಡಿದ್ರೆ ನಿಮಗೆ ಊಟ ಸೇರಲ್ಲ."

ನಾಳೆರಾಯರಿಗೆ ನಿಜವಾಗಿ ನಾಚಿಕೆಯಾಯಿತು. ಹೆಂಡತಿಯ ಭಯಕ್ಕೆ ಆಗುವ ನಾಚಿಕೆಯಲ್ಲ, ಬೇರೆಯದೇ. "ಹೇಗೆ ಮಾಡ್ಬೇಕು, ತೋರ್ಸಪ್ಪಾ," ಎಂದು ತೋಳು ಮಡಚಿದರು.

ಊಟದ ಬಿಡುವಿನಲ್ಲಿ ಹಳೇ ಪೇಪರು ಹಾಸಿ ಚೀಲ ಸುರಿದರು. ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ ಗುರುತು ಹಾಕುವುದು, ಹಾಲಿನ ಕವರು ತೊಳೆದು ಒಣಗಿಸುವುದು, ಎಲ್ಲವನ್ನೂ ಜವಾನ ಹೇಳಿಕೊಟ್ಟ. ಸಿಪ್ಪೆ ಕಚೇರಿಯ ಹೂಕುಂಡಕ್ಕೆ ಹೋಯಿತು. ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಹೆಡ್‌ಕ್ಲರ್ಕು ರಬ್ಬರ್ ಸ್ಟಾಂಪು ಇಡಲು ಎತ್ತಿಕೊಂಡರು. ಒಂಟಿ ಕೈಯ ಗೊಂಬೆಯೊಂದು ಸಿಕ್ಕಿತು. "ಕೈ ನಾನು ಹೊಲಿದುಕೊಡ್ತೀನಿ, ನನ್ನ ಮಗಳಿಗಾಗುತ್ತೆ," ಎಂದರು ಟೈಪಿಸ್ಟ್. ಉಳಿದದ್ದನ್ನು ಜವಾನ ಕಟ್ಟಿ ಅಕ್ಕನಿಗೆಂದು ಇಟ್ಟುಕೊಂಡ.

ಈ ಗೊಂಬೆ ನಮ್ಮ ಮನೆಯಲ್ಲಿ ಎಲ್ಲಿತ್ತು ಎಂದು ನಾಳೆರಾಯರು ಒಂದು ಕ್ಷಣ ತಲೆ ಕೆರೆದುಕೊಂಡರು. ಇರಲಿ, ಮನೆಯಲ್ಲಿ ಏನೇನಿದೆ ಅಂತ ತಾನು ನೋಡಿದ್ದಾದರೂ ಯಾವಾಗ? ಜೀವಮಾನದಲ್ಲಿ ಮೊದಲ ಸಲ ಇವತ್ತಿನ ಕೆಲಸ ಇವತ್ತೇ ಮುಗಿದಿತ್ತು. ಸಂಜೆ ಸಿಳ್ಳೆ ಹಾಕುತ್ತಾ ಮನೆ ಕಡೆ ನಡೆದರು.

ಸಭೆಯಲ್ಲಿ ಟೀಚರ್ ಮುಖ ಬಾಡಿತ್ತು.

"ಕಸ ಹೇಗೆ ಹಾಕಬಾರದು ಅಂತ ತೋರಿಸೋಕೆ ಒಂದು ಮಾದರಿ ಚೀಲ ಮಾಡಿಸಿದ್ದೆ. ಎದುರುಮನೆ ಅಜ್ಜಿ ಎಲ್ಲರ ಮನೆಯಿಂದ ಒಂದೊಂದು ಸಾಮಾನು ತಂದು ತುಂಬಿಸಿ, ನಮ್ಮ ಬಾಗಿಲ ಹತ್ರ ಇಟ್ಟಿದ್ರು. ಈಗ ನೋಡಿದ್ರೆ ಇಲ್ಲ."

"ನನ್ನ ಮೊಮ್ಮಗಳ ಗೊಂಬೆ ಬೇರೆ ಹಾಕಿದ್ದೆ," ಎಂದರು ಅಜ್ಜಿ. "ಕೆಂಪು ಚೀಟೀನೂ ನಾನೇ ಕಟ್ಟಿದ್ದೆ."

ನಾಳೆರಾಯರ ಸಿಳ್ಳೆ ಅಲ್ಲಿಗೇ ನಿಂತಿತು. ಹಾಗಾದರೆ ತನ್ನ ಚೀಲ?

"ಯೋಚ್ನೆ ಮಾಡ್ಬೇಡಿ ಟೀಚರ್," ಸಭೆಗೆ ಅತಿಥಿಯಾಗಿ ಬಂದಿದ್ದ, ಕಸದ ಗಾಡಿ ಓಡಿಸುವ ಅಕ್ಕ ಎದ್ದಳು. "ನಿಮ್ಮ ಗೇಟಲ್ಲೇ ಬೆಳಿಗ್ಗೆ ಸಿಕ್ಕಿದ ಅಸಲಿ ಮಾಲು ನನ್ನ ಹತ್ರ ಇದೆ. ಯಾರದು ಅಂತ ಗೊತ್ತಾಗ್ಲಿಲ್ಲ, ತೆಗೆದಿಟ್ಟಿದ್ದೆ." ಗಾಡಿಯಿಂದ ನೀಲಿ ಚೀಲ ತಂದು ಮೇಜಿನ ಮೇಲೆ ಸುರಿದೇಬಿಟ್ಟಳು.

ಸಿಪ್ಪೆ, ಕವರು, ಬ್ಲೇಡು, ಮಾತ್ರೆ. ಕೊನೆಗೆ ಒಣಗಿದ ಸೋಪಿನ ನೊರೆ, ಗಡ್ಡದ ಕೂದಲು ಮೆತ್ತಿದ ಒಂದು ಕಾಗದ. ಹೆಡ್‌ಮಾಸ್ಟರು ಎರಡು ಬೆರಳಲ್ಲಿ ಎತ್ತಿ ಗಟ್ಟಿಯಾಗಿ ಓದಿದರು.

"'ರೀ, ಮರೀಬೇಡಿ. ಹಸಿರು ಬುಟ್ಟಿಗೆ ಹಸಿ ಕಸ. ನೀಲಿ ಬುಟ್ಟಿಗೆ ಒಣ ಕಸ...' ಹ್ಞಾಂ! ಅಕ್ಷರ ಮಾತ್ರ ಮುತ್ತಿನ ಹಾಗಿದೆ. ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ನೋಡಿ!"

ಟೀಚರ್ ತಲೆ ತಗ್ಗಿಸಿದರು. ಅದನ್ನು ನೋಡಿ ನಾಳೆರಾಯರು ಗುಂಪು ಸರಿಸಿದರು.

"ತಪ್ಪು ನಂದು, ಅವಳದಲ್ಲ," ಎಂದು ಮುಂದೆ ಬಂದರು. ಮೇಜಿನ ಬಳಿ ನಿಂತು, ಯಾರೂ ಹೇಳದೆ ಕೆಲಸಕ್ಕೆ ಕೈಹಚ್ಚಿದರು. ಸಿಪ್ಪೆ ಒಂದು ಕಡೆ, ಕವರು ಇನ್ನೊಂದು ಕಡೆ. ಬ್ಲೇಡನ್ನು ಸುತ್ತುತ್ತಾ, "ಹೀಗೆ ಮಾಡದಿದ್ರೆ ಈ ಅಕ್ಕನ ಬೆರಳು ಕುಯ್ಯುತ್ತೆ," ಎಂದರು. ಐದು ನಿಮಿಷದಲ್ಲಿ ಮೂರು ಗುಡ್ಡೆಯಾಯಿತು. ಒಂದೂ ತಪ್ಪಿಲ್ಲ. ಗಾಡಿಯ ಅಕ್ಕನೇ ಬಾಯಿ ಬಿಟ್ಟುಕೊಂಡು ನೋಡಿದಳು.

"ನಾಳೆರಾಯನ ಕೈಲಿ ಇವತ್ತು ಕೆಲಸ ಮಾಡಿಸಿದಾಳೆ ಅಂದ್ರೆ," ಅಜ್ಜಿ ಘೋಷಿಸಿದರು, "ನಾವೆಲ್ಲ ಯಾವ ಲೆಕ್ಕ? ಮಾಸ್ಟ್ರೇ, ನಿನ್ನೆ ಕೊಟ್ಟ ಮಾತು ನೆನಪಿದೆ ತಾನೆ?"

ಹೆಡ್‌ಮಾಸ್ಟರು ಕೆಮ್ಮಿದರು, ಕನ್ನಡಕ ಒರೆಸಿದರು, ಹೆಸರು ವಾಪಸ್ ತೆಗೆದುಕೊಂಡರು. "ಟೀಚರ್‌ಗೆ ಕೈ ಎತ್ತಿ!" ಎಂದು ಅಜ್ಜಿ ಕೂಗಿದಾಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದವರು ನಾಳೆರಾಯರು. ಎತ್ತಿದ ರಭಸಕ್ಕೆ ಜೇಬಿನಿಂದ ಕೆಂಪು ಚೀಟಿ ಹಾರಿ ಹೆಂಡತಿಯ ಕಾಲ ಬಳಿ ಬಿತ್ತು.

"ಅಯ್ಯೋ, ಇದು ನಾನು ಕಟ್ಟಿದ ಚೀಟಿ ಅಲ್ವೇನೇ!" ಎಂದರು ಅಜ್ಜಿ. "ನನ್ನ ಮೊಮ್ಮಗಳ ಗೊಂಬೆ ಎಲ್ಲಯ್ಯಾ?"

ಟೀಚರ್ ಚೀಟಿ ಎತ್ತಿಕೊಂಡು ಗಂಡನನ್ನು ನೋಡಿದರು. ನಗು ಬರುತ್ತಿತ್ತು, ತಡೆದುಕೊಂಡರು. "ಉಸ್ತುವಾರಿಯಾಗಿ ನನ್ನ ಮೊದಲ ತೀರ್ಮಾನ. ದಿನಾ ಬೆಳಿಗ್ಗೆ ಹನ್ನೆರಡೂ ಮನೆ ಚೀಲ ಬಿಚ್ಚಿ ನೋಡೋ ಕೆಲಸ ಇವರದ್ದು."

"ಅದನ್ನ ನಾಳೆ ನೋಡೋಣ ಬಿಡೇ," ಎಂದರು ನಾಳೆರಾಯರು, ಅಭ್ಯಾಸಬಲದಿಂದ.

"ಹ್ಞೂಂ, ನಾಳೆನೇ. ಏಳೂವರೆಗೆ. ಆಮೇಲೆ ಆ ಗೊಂಬೆ ತಂದುಕೊಡಿ."

ಹಾಗೆನ್ನುತ್ತಾ ಸೆರಗಿನ ಪಿನ್ನು ತೆಗೆದು, ಆ ಕೆಂಪು ಚೀಟಿಯನ್ನು ಗಂಡನ ಷರಟಿಗೆ ಚುಚ್ಚಿದರು. ಹನ್ನೆರಡು ಮನೆಯವರೂ ಚಪ್ಪಾಳೆ ತಟ್ಟುತ್ತಿರಲು, ನಾಳೆರಾಯರು ಎದೆಯ ಮೇಲೆ "ವಿಂಗಡಿಸಿಲ್ಲ. ಮನೆಗೆ ವಾಪಸ್" ಎಂದು ಬರೆಸಿಕೊಂಡು ಹೆಂಡತಿಯ ಹಿಂದೆ ಮೆಟ್ಟಿಲು ಹತ್ತಿದರು.