ತಮ್ಮ ಮಾತುಕತೆಗೊಂದು ಟವೆಲ್ಲು

ದೆಹಲಿಯಲ್ಲಿ ಅವಸರವಿಲ್ಲದೆ ವಿರಾಜಮಾನರಾಗಿರುವ, ದೇಶದ ವ್ಯಾಪಾರ ಮಾತುಕತೆಯ ಮುಖ್ಯಸ್ಥರಾದ ಮಾನ್ಯರೇ,

ಕುಷ್ಟಗಿಯಿಂದ ತಮಗೆ ಸವಿನಯ ನಮಸ್ಕಾರಗಳು. ಎದುರು ದೇಶದವರೊಡನೆ ತಾವು ನಡೆಸುತ್ತಿರುವ ಸುಂಕದ ಮಾತುಕತೆ ಈ ಸುತ್ತಿನಲ್ಲಿಯೂ ಮುಗಿಯಲಿಲ್ಲವೆಂದೂ, ಆದರೆ ಅತ್ಯಂತ ಸೌಹಾರ್ದದಿಂದ ಮುಗಿಯಲಿಲ್ಲವೆಂದೂ ಟಿವಿಯಲ್ಲಿ ಕೇಳಿ ರೋಮಾಂಚನಗೊಂಡೆವು. ಯಾವ ಗಡುವಿಗೂ ಬಗ್ಗುವುದಿಲ್ಲವೆಂಬ ತಮ್ಮ ನಿಲುವು ನಮಗೆ ಹೆಮ್ಮೆಯದು. ಗಂಗಾವತಿಯ ಅಕ್ಕಿಯಾದರೆ ಮೂಟೆಯಲ್ಲಿ ಕುಳಿತು ತಮ್ಮ ದಾರಿ ಕಾಯಬಲ್ಲದು. ನನ್ನ ಪಕ್ಕದ ತೋಟದ ಶಿವಲೀಲಾ ಅವರ ದಾಳಿಂಬೆಗೆ ಮಾತ್ರ ಆ ಸಂಸ್ಕಾರವಿಲ್ಲ. ಅದು ಗಡುವಿಗೆ ಬಗ್ಗಿ ಹಣ್ಣಾಗಿಬಿಟ್ಟಿದೆ.

ಹಡಗು ಹತ್ತಬೇಕಿದ್ದ ಹಣ್ಣದು. ಸುಂಕ ಎಷ್ಟೆಂದು ತೀರ್ಮಾನವಾಗದ್ದರಿಂದ ಅಲ್ಲಿಯ ಖರೀದಿದಾರ ಬೇಕೆನ್ನುತ್ತಿಲ್ಲ, ಬೇಡವೆನ್ನುತ್ತಲೂ ಇಲ್ಲ. ಮೊನ್ನೆ ಬೇಲಿಯಾಚೆಯಿಂದ ಶಿವಲೀಲಾ, "ಅಣ್ಣಾರ, ಹಣ್ಣು ಬಾಯಿ ಬಿಡಾಕ ಹತ್ಯಾವು. ನಿಮ್ಮ ದಿಲ್ಲಿ ಸಾಹೇಬ್ರು ಯಾವಾಗ ಬಿಡ್ತಾರ್ರಿ?" ಎಂದು ಕೇಳಿದರು. ಮಾತುಕತೆ ರಚನಾತ್ಮಕವಾಗಿ ಸಾಗಿದೆಯೆಂಬ ತಮ್ಮ ಹೇಳಿಕೆಯನ್ನೇ ನಾನು ಒಪ್ಪಿಸಿದೆ. "ಅದನ್ನ ಗಿಡಕ್ಕ ಹೇಳ್ರಿ," ಎಂದು ಹೋಗಿಬಿಟ್ಟರು. ಹೇಳಿ ನೋಡಿದೆ. ಗಿಡ ಒಪ್ಪಲಿಲ್ಲ. ಆದಕಾರಣ, ಮುಂದಿನ ಸುತ್ತಿನವರೆಗೆ ಯಾವ ಹಣ್ಣೂ ಬಿರಿಯತಕ್ಕದ್ದಲ್ಲವೆಂದು ತಾವೇ ಒಂದು ಸುತ್ತೋಲೆ ಹೊರಡಿಸಬೇಕಾಗಿ ಪ್ರಾರ್ಥನೆ.

ಅದಾಗದಿದ್ದರೆ, ಎರಡೂ ನಿಯೋಗಗಳು ನಮ್ಮ ಕುರಿ ಸಂತೆಗೆ ದಯಮಾಡಿಸಬೇಕು. ಇಲ್ಲಿ ವ್ಯಾಪಾರ ನಡೆಯುವುದು ಟವೆಲ್ಲಿನ ಕೆಳಗೆ. ಕೊಡುವವನೂ ಕೊಳ್ಳುವವನೂ ಅದರಡಿ ಕೈ ಹಿಡಿದು ಬೆರಳಿನಲ್ಲೇ ದರ ಹೇಳುತ್ತಾರೆ; ಸುತ್ತ ನೆರೆದವರಿಗೆ ಕಾಣುವುದು ಇಬ್ಬರ ಗಂಭೀರ ಮುಖ ಮಾತ್ರ. ಯಾರು ಎಷ್ಟು ಇಳಿದರೆಂಬುದು ಯಾರಿಗೂ ತಿಳಿಯದ್ದರಿಂದ ಇಬ್ಬರೂ ಗೆದ್ದವರಂತೆ ಮೀಸೆ ತಿರುವುತ್ತ ಮನೆಗೆ ಹೋಗುತ್ತಾರೆ. ತಮ್ಮ ವಿಷಯವನ್ನು ಸಂತೆಯ ದಲ್ಲಾಳಿ ಅಬ್ದುಲಸಾಬರ ಮುಂದಿಟ್ಟಾಗ ಅವರು ಕನಿಕರಪಟ್ಟು, "ಮಂದಿ ಮುಂದ ರೇಟ್ ಇಳಸಂದ್ರ ಯಾರ ಇಳಸ್ತಾರ್ರಿ? ಮೊದ್ಲ ಆ ಟಿವಿಯವ್ರನ್ನ ಆಕಡೆ ಕಳಸ್ರಿ," ಎಂದರು. ಎರಡು ದೇಶಗಳ ಕೈ ಮುಚ್ಚುವಷ್ಟು ಅಗಲದ ಟವೆಲ್ಲನ್ನು ಒಗೆದು ಇಸ್ತ್ರಿ ಮಾಡಿಸಿಟ್ಟಿದ್ದಾರೆ. ಅವರಿಗೆ ದಲ್ಲಾಳಿ ಹಣ ಬೇಡವಂತೆ. ವ್ಯಾಪಾರ ಮುಗಿದ ಮೇಲೆ ಎರಡೂ ನಿಯೋಗಗಳ ನಡುವೆ ಅವರು ನಿಂತದ್ದು ಟಿವಿಯಲ್ಲಿ ಬಂದರೆ ಸಾಕಂತೆ.

ಇನ್ನೂ ಬಿರಿಯದೆ ಉಳಿದಿರುವ
ತಮ್ಮ ವಿಶ್ವಾಸಿ,
ವಿರುಪಾಕ್ಷಿ, ಕುಷ್ಟಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಸುದ್ದಿ ಬಂತು. ಹೊಸಪೇಟೆಯ ಜ್ಯೂಸಿನವರೊಬ್ಬರು ಹಣ್ಣು ಕೊಂಡರು. ಶಿವಲೀಲಾ ಪರವಾಗಿ ಅಬ್ದುಲಸಾಬರೇ ಟವೆಲ್ಲು ಹಾಸಿದರು, ಒಂದು ಚಹಾ ಆರುವುದರೊಳಗೆ ಮುಗಿಯಿತು. ದರ ಗುಟ್ಟು. ಹಡಗಿನ ದರವಂತೂ ಅಲ್ಲವೆಂದು ಶಿವಲೀಲಾ ಅವರ ಮುಖ ನೋಡಿದಾಗ ತಿಳಿಯಿತು. ಪರದೇಶಕ್ಕೆಂದು ಅಚ್ಚು ಹಾಕಿಸಿದ್ದ ಅವರ ರಟ್ಟಿನ ಪೆಟ್ಟಿಗೆಗಳು ಹಾಗೇ ಉಳಿದಿವೆ. ತಮ್ಮ ಹೇಳಿಕೆಗಳನ್ನು ತುಂಬಿಡಲು ಕಳಿಸಿಕೊಡಲೇ? ಗಾಳಿಯಾಡಲು ತೂತುಗಳಿವೆ, ಆದರೂ ಅವುಗಳ ಅಗತ್ಯ ಬೀಳಲಿಕ್ಕಿಲ್ಲ, ಹೇಳಿಕೆಗಳು ಎಷ್ಟು ಕಾಲವಿಟ್ಟರೂ ಹಣ್ಣಾಗುವುದಿಲ್ಲವಲ್ಲ.