ಸುಶೀಲಕ್ಕನ ಖಾತೆ ಅಳಿಸಿದ್ದು

ಅಳಿಸುವ ಕೆಲಸದಲ್ಲಿ ಒಂದು ಬಗೆಯ ಸುಖವಿದೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೀಜ, ಗೊಬ್ಬರ ಮಾರುವ ಸಂಸ್ಥೆಯೊಂದರ ಗೋಕಾಕ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಮೂಡಲಗಿ, ಹುಕ್ಕೇರಿಯ ಶಾಖೆಗಳೂ ನಮ್ಮ ನೆಟ್‌ವರ್ಕಿಗೇ ಸೇರಿವೆ. ಯಾರು ಯಾವ ಹೆಸರಿನಲ್ಲಿ ಲಾಗಿನ್ ಆಗಬೇಕು, ಯಾರು ಆಗಬಾರದು ಎಂಬುದೆಲ್ಲ ನನ್ನ ಕೈಯಲ್ಲಿ. ಮನೆಯಲ್ಲಿ ಟಿ.ವಿ. ರಿಮೋಟು ಕೂಡ ನನ್ನ ಕೈಗೆ ಸಿಗುವುದಿಲ್ಲವಾದ್ದರಿಂದ ಈ ಅಧಿಕಾರವನ್ನು ನಾನು ತುಸು ಹೆಚ್ಚೇ ಅನುಭವಿಸುತ್ತಿದ್ದೆ.

ಕಳೆದ ವರ್ಷ ಮೇಲಿನವರಿಂದ ಆದೇಶ ಬಂತು. ಆರು ತಿಂಗಳಿಂದ ಬಳಕೆಯಾಗದ ಖಾತೆಗಳನ್ನೆಲ್ಲ ತೆಗೆದುಹಾಕಬೇಕು. ಹಾಗೇ ಬಿಟ್ಟರೆ ಕಳ್ಳರು ಅವುಗಳ ಮೂಲಕ ಒಳಗೆ ನುಗ್ಗುತ್ತಾರೆ. ಮಾತು ನ್ಯಾಯವಾದದ್ದೇ. ಪಟ್ಟಿ ತೆಗೆದೆ. ನಿವೃತ್ತರಾದವರು, ಕೆಲಸ ಬಿಟ್ಟವರು, ತೀರಿಕೊಂಡವರೊಬ್ಬರು, ಎಲ್ಲರೂ ಅದರಲ್ಲಿದ್ದರು. ನಮ್ಮ ಮ್ಯಾನೇಜರರ ಹೆಸರೂ ಇತ್ತು. ದಿನಾ ತಪ್ಪದೆ ಬಂದು ಕಂಪ್ಯೂಟರಿನ ಮುಂದೆಯೇ ಕೂರುವ ಅವರು ಆರು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ. ಅವರ ಹೆಸರನ್ನು ಮೆಲ್ಲಗೆ ಪಟ್ಟಿಯಿಂದ ಕೈಬಿಟ್ಟೆ.

ಮೂಡಲಗಿಯ ಸುಶೀಲಕ್ಕನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲ. ಆಕೆ ಮಸಗುಪ್ಪಿಯಿಂದ ಬಂದು ಹೋಗುತ್ತಿದ್ದ ಹಿರಿಯ ಗುಮಾಸ್ತೆ. ಕಾಯಿಲೆ ಬಿದ್ದು ದೀರ್ಘ ರಜೆಯಲ್ಲಿದ್ದರು. ಶಾಖೆಗೆ ಫೋನ್ ಮಾಡಿದಾಗ ಎತ್ತಿದವರು, ಆಕೆ ಇನ್ನು ಬರುವುದು ಅನುಮಾನ ಎಂದರು. ಅನುಮಾನ ಎಂದದ್ದನ್ನು ನಾನು ಖಾತ್ರಿ ಎಂದು ಕೇಳಿಸಿಕೊಂಡೆ. ಮೊದಲು ಖಾತೆಗೆ ಬೀಗ ಹಾಕಿ ಕೆಲವು ತಿಂಗಳು ಕಾಯುವ ಪದ್ಧತಿಯೊಂದಿದೆ. ಆದರೆ ನನಗೆ ಪಟ್ಟಿ ಬೇಗ ಖಾಲಿಯಾಗಬೇಕಿತ್ತು. ಅಳಿಸಿಬಿಟ್ಟೆ. ಹುಕ್ಕೇರಿಯ ಹೆಸರುಗಳನ್ನೂ ಮುಗಿಸಿ ಚಹಾಕ್ಕೆ ಎದ್ದೆ.

ಎರಡು ತಿಂಗಳ ನಂತರ ಒಂದು ಸೋಮವಾರ ಸುಶೀಲಕ್ಕ ಕೆಲಸಕ್ಕೆ ಬಂದರು. ಹೆಸರು, ಪಾಸ್‌ವರ್ಡ್ ಒತ್ತಿದರು. ತಪ್ಪು ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ತಪ್ಪು. ಗೋಕಾಕದವರು ನಿಮ್ಮ ಹೆಸರು ತೆಗೆದಿದ್ದಾರೆ ಎಂದು ಪಕ್ಕದವರು ಹೇಳಿದರು. ಆಕೆ ಮುಂದೇನೂ ಕೇಳಲಿಲ್ಲ. ಕೆಲಸದಿಂದಲೇ ತೆಗೆದರೆಂದು ತಿಳಿದು, ಊಟದ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಊರಿನ ಬಸ್ಸು ಹತ್ತಿದರು.

ಸುದ್ದಿ ತಿಳಿದ ಮರುದಿನ ನಾನು ಮಸಗುಪ್ಪಿಗೆ ಹೋದೆ. ದಾರಿಯುದ್ದಕ್ಕೂ ಆದೇಶ, ನಿಯಮ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆರೆದ ಸುಶೀಲಕ್ಕನ ತಲೆಯ ಮೇಲೆ ಆಗಷ್ಟೇ ಕೂದಲು ಚಿಗುರುತ್ತಿತ್ತು. ನಿಯಮವೆಲ್ಲ ಮರೆತುಹೋಯಿತು.

"ತಪ್ಪು ನಂದು, ಅಕ್ಕಾರ. ನಿಮ್ಮನ್ನ ಕೇಳಲಾರದ ಅಳಿಸಿಬಿಟ್ಟೆ" ಎಂದೆ.

ಆಕೆ ಬೈಯಲಿಲ್ಲ. ಒಳಗೆ ಕರೆದು ಚಹಾ ಕೊಟ್ಟರು. "ದವಾಖಾನ್ಯಾಗ ಮಲಗಿದಾಗ ಇದೊಂದ ನೆನಸ್ತಿದ್ದೆ ನೋಡ್ರಿ, ಆ ಕುರ್ಚಿ ಮ್ಯಾಲ ಮತ್ತ ಹೋಗಿ ಕುಂದರಬೇಕು ಅಂತ" ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರನ್ನು ಕರೆದುಕೊಂಡೇ ಮೂಡಲಗಿಗೆ ಬಂದು ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಆದರೆ ಹಳೆಯ ಕಡತ ಒಂದೂ ತೆರೆಯಲಿಲ್ಲ. ಹೆಸರು ಒಂದೇ ಆದರೂ ಕಂಪ್ಯೂಟರಿನ ಪ್ರಕಾರ ಇವರು ಬೇರೆಯೇ ವ್ಯಕ್ತಿ, ಪ್ರತಿಯೊಂದಕ್ಕೂ ಹೊಸದಾಗಿ ಅನುಮತಿ ಕೊಡಬೇಕು ಎಂದು ತಲೆ ತಗ್ಗಿಸಿಕೊಂಡೇ ವಿವರಿಸಿದೆ.

ಸುಶೀಲಕ್ಕ ಪರದೆಯ ಮೇಲಿನ ತಮ್ಮ ಹೆಸರನ್ನು ಓದಿದರು. "ಅದು ಖರೇನ ಹೇಳಾಕತ್ತೈತಿ ಬಿಡ್ರಿ. ನಾ ಮೊದಲಿನಾಕಿ ಅಲ್ಲ."

ಸಂಜೆಯವರೆಗೆ ಕೂತು ಒಂದೊಂದೇ ಕಡತ ಬಿಡಿಸಿಕೊಟ್ಟೆ. ಆಕೆ ಪಕ್ಕದಲ್ಲೇ ಕೂತು, ತೆರೆದದ್ದನ್ನೆಲ್ಲ ಒಮ್ಮೆ ಓದಿ ಮುಚ್ಚುತ್ತಿದ್ದರು.

ಈಗ ನಾನು ಆಯಾ ನೌಕರರ ಮನೆಗೇ ಫೋನ್ ಮಾಡಿ ವಿಚಾರಿಸದೆ ಯಾರ ಹೆಸರನ್ನೂ ಮುಟ್ಟುವುದಿಲ್ಲ. ಮೂರೂ ಕಚೇರಿಯವರು ನನ್ನನ್ನು ಬಹಳ ಅಂತಃಕರಣದ ಮನುಷ್ಯ ಎನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ. ಮೊನ್ನೆ ಕಾಲು ಉಳುಕಿ ಒಂದು ವಾರ ರಜೆ ಹಾಕಿದಾಗ ಮಾತ್ರ, ಮೂರನೆಯ ದಿನ ಕುಂಟುತ್ತಾ ಕಚೇರಿಗೆ ಹೋಗಿ ಒಮ್ಮೆ ಲಾಗಿನ್ ಆಗಿ ಬಂದೆ. ಆ ವಾರ ನನ್ನ ಜಾಗದಲ್ಲಿ ಕೂತವರು ಕೆಲಸದಲ್ಲಿ ಬಹಳ ಚುರುಕು ಎಂದು ಕೇಳಿದ್ದೆ.