ಕುಷ್ಟಗಿಯಲ್ಲಿ ಕೂತು ಬಿರುಗಾಳಿ ನಿಲ್ಲಿಸಿದ್ದು

ಸಮುದ್ರವನ್ನು ನಾನು ನೋಡಿಲ್ಲ. ಆದರೆ ತುಂಗಭದ್ರಾ ಡ್ಯಾಮಿನ ಹಿನ್ನೀರನ್ನು ಚೆನ್ನಾಗಿ ನೋಡಿದ್ದೇನೆ. ಸಮುದ್ರ ಅಂದರೂ ಅಷ್ಟೇ, ಒಂದಿಷ್ಟು ಉಪ್ಪು ಹೆಚ್ಚು! ಹಾಗಾಗಿ ಯಲಬುರ್ಗಾದ ತಂಗಿಯ ಮಗಳು ಸುಮಂಗಲಾ ಫೋನ್ ಮಾಡಿ, "ಮಾಮಾ, ಅರಬ್ಬಿ ಸಮುದ್ರದ ಹವಾಮಾನದ ಲೆಕ್ಕ ಕಂಪ್ಯೂಟರಿಗೆ ಹಾಕಿಕೊಡ್ತೀರೇನ್ರಿ?" ಎಂದಾಗ ನಾನು ಹಿಂದೆಮುಂದೆ ನೋಡಲಿಲ್ಲ.

"ಕಳಿಸವಾ. ಅದು ಮುಗದ ಮ್ಯಾಲ ಬಂಗಾಳಕೊಲ್ಲಿನೂ ಕಳಿಸು!"

ಸುಮಂಗಲಾ ಕರಾವಳಿಯಲ್ಲಿ ಸಂಶೋಧನೆ ಮಾಡುವವಳು. ಹಿಂದಿನ ಕಾಲದ ಹಡಗಿನವರು ನಾಲ್ಕು ತಾಸಿಗೊಮ್ಮೆ ಗಾಳಿಯ ವೇಗ, ನೀರಿನ ಶಾಖ, ಗಾಳಿಯ ಒತ್ತಡ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರಂತೆ. ಆ ಹಾಳೆಗಳ ಫೋಟೋ ನೋಡಿ ಅಂಕಿಗಳನ್ನು ಟೈಪ್ ಮಾಡಿದರೆ, ನಮ್ಮ ಕಡೆಯ ಸಮುದ್ರ ಆಗ ಹೇಗಿತ್ತು, ಈಗ ಹೇಗಾಗಿದೆ ಎಂದು ಹೋಲಿಸಬಹುದಂತೆ. ಒಂದು ಹಡಗಿನ ಲೆಕ್ಕವನ್ನು ಅವಳು ಸೋಮವಾರ ತನ್ನ ಮೇಲಿನವರಿಗೆ ತೋರಿಸಬೇಕು. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಅವಳ ಒಂದು ವರ್ಷದ ದುಡಿಮೆ ನೀರುಪಾಲು.

ಇಂಥ ಮಹತ್ಕಾರ್ಯಕ್ಕೆ ನನಗಿಂತ ಅರ್ಹರು ಯಾರಿದ್ದಾರೆ? ಮೂವತ್ತು ವರ್ಷ ಒಂದು ಸರ್ಕಾರಿ ಕಚೇರಿಯ ಹಿತ್ತಲಲ್ಲಿದ್ದ ಮಳೆಮಾಪಕದ ಅಳತೆಯನ್ನು ರಿಜಿಸ್ಟರಿಗೆ ಏರಿಸಿದವನು ನಾನು. ಒಂದೇ ಒಂದು ಕಾಲಂ ಖಾಲಿ ಬಿಟ್ಟವನಲ್ಲ. ಭಾನುವಾರದ್ದೂ!

ಹಾಳೆಗಳು ಬಂದವು. ಮೊದಲ ಹತ್ತು ಹಾಳೆ ಸರಾಗವಾಗಿ ಮುಗಿದವು. ಆಮೇಲೆ ಹಡಗಿನ ಗುಮಾಸ್ತ ಹದಗೆಟ್ಟ. ಅಕ್ಷರ ಸೊಟ್ಟಗಾದವು. ಹಾಳೆಯ ತುಂಬ ಕಲೆ.

"ನೋಡಿಲ್ಲಿ, ಸರ್ಕಾರಿ ಪುಸ್ತಕದ ಮ್ಯಾಲ ಚಾ ಚೆಲ್ಲ್ಯಾನ!" ಎಂದು ಹೆಂಡತಿ ಶಾಂತಾಳನ್ನು ಕರೆದು ತೋರಿಸಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಪಾದರಸದ ಅಳತೆಯಲ್ಲಿ ಇಪ್ಪತ್ತೊಂಬತ್ತು ಅಂಗುಲದ ಮೇಲೆ ಗಟ್ಟಿಯಾಗಿ ನಿಂತಿದ್ದ ಗಾಳಿಯ ಒತ್ತಡ ಸಂಜೆಯ ಹೊತ್ತಿಗೆ ಇಪ್ಪತ್ತೆಂಟಕ್ಕೆ ಇಳಿದಿತ್ತು. ಶುದ್ಧ ಅಜಾಗರೂಕತೆ! ನಾನೇ ತಿದ್ದಿ ಇಪ್ಪತ್ತೊಂಬತ್ತು ಮಾಡಿದೆ. ಅಲ್ಲಿಂದ ಮುಂದೆ ಎರಡು ದಿನದ ಕಾಲಂ ಪೂರ್ತಿ ಖಾಲಿ. ನನ್ನ ಕೈ ಸುಮ್ಮನಿದ್ದೀತೇ? ಹಿಂದಿನ ದಿನದ ಮೆಲ್ಲನೆಯ ಗಾಳಿ, ಶಾಂತ ಸಮುದ್ರ ಎಲ್ಲವನ್ನೂ ಸಾಲಾಗಿ ಇಳಿಸಿದೆ.

ಶಾಂತಾ ಹಿಂದೆ ನಿಂತು ನೋಡುತ್ತಿದ್ದಳು. "ಖಾಲಿ ಐತಿ ಅಂದ್ರ ಖಾಲಿ ಬಿಡ್ರಿ. ಅವ್ರು ಯಾಕ ಬರದಿಲ್ಲ ಅಂತ ವಿಚಾರ ಮಾಡ್ರಿ ಒಂಚೂರು."

"ಊಟಕ್ಕ ಹೋಗಿರ್ತಾರ!"

"ಎರಡು ದಿನ ಊಟ ಮಾಡ್ತಾರೇನ್ರೀ?"

ಕಚೇರಿಯ ಅನುಭವ ಇಲ್ಲದವರ ಜೊತೆ ವಾದ ಮಾಡಬಾರದು. ಶನಿವಾರ ಮಧ್ಯಾಹ್ನ ಕಡತವನ್ನು ಕಳಿಸಿ, ಗರ್ವದಿಂದ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕೂತೆ. ಸಂಜೆ ಫೋನ್ ಬಂತು.

"ಮಾಮಾ, ಬಿರುಗಾಳಿ ಎಲ್ಲಿ ಹೋತ್ರಿ?"

"ಯಾವ ಬಿರುಗಾಳಿಯವಾ?"

"ಆ ವಾರ ಭಾರೀ ಬಿರುಗಾಳಿ ಎದ್ದಿತ್ತು ಅಂತ ಬಂದರಿನ ಕಾಗದದಾಗ ಐತ್ರಿ. ಈ ಹಡಗು ಅದರಾಗ ಸಿಕ್ಕಿತ್ತು. ಒತ್ತಡ ಇಳಿದಿರಬೇಕು, ಆಮ್ಯಾಲ ಬರಿಯಾಕ ಆಗದ ಎರಡು ದಿನ ಖಾಲಿ ಇರಬೇಕು. ನಾ ತೋರಿಸಬೇಕಾದ್ದ ಅದನ್ನ! ನೀವು ಕಳಿಸಿದ್ದರಾಗ ಹಡಗು ಆರಾಮ ಹೊಂಟೈತಿ!"

ಮಿರ್ಚಿ ಕೆಳಗಿಟ್ಟು ಹಾಳೆಗಳನ್ನು ಮತ್ತೆ ತೆರೆದೆ. ಕಲೆ ಚಹಾದ್ದಲ್ಲ, ಸಮುದ್ರದ ನೀರಿನದು. ಅಕ್ಷರ ಸೊಟ್ಟಗಾದದ್ದು ಸೋಮಾರಿತನಕ್ಕಲ್ಲ, ಹಡಗೇ ಸೊಟ್ಟಗಾಗಿತ್ತು. ಆ ಪುಣ್ಯಾತ್ಮ ಜೀವ ಕೈಯಲ್ಲಿ ಹಿಡಿದುಕೊಂಡು ಸರಿಯಾದ ಅಂಕಿ ಬರೆದಿದ್ದ. ನಾನು ಫ್ಯಾನಿನ ಕೆಳಗೆ ಕೂತು ಅದನ್ನು ತಿದ್ದಿದ್ದೆ! ನಿಜಕ್ಕೂ ನಾಚಿಕೆಯಾಯಿತು.

ಭಾನುವಾರ ಇಡೀ ದಿನ ಮತ್ತೆ ಮೊದಲಿನಿಂದ ಕೆಲಸ. ಈ ಸಲ ನಾನು ಓದುವುದು, ಶಾಂತಾ ಟೈಪ್ ಮಾಡುವುದು. ಖಾಲಿ ಬಂದಾಗಲೆಲ್ಲ ಅವಳು ನನ್ನ ಮುಖ ನೋಡಿ, "ಖಾಲಿ" ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋಗುತ್ತಿದ್ದಳು. ಸೋಮವಾರ ಬಿರುಗಾಳಿ ತನ್ನ ಜಾಗಕ್ಕೆ ಮರಳಿತು. ಮೇಲಿನವರು ಒಪ್ಪಿದರು. ನನ್ನ ಧೈರ್ಯವೂ ಅಂದೇ ಮರಳಿತು.

ಮರುದಿನ ಸುಮಂಗಲಾಳ ಫೋನ್. ನಾನು ಸ್ಪೀಕರ್ ಹಾಕಿದೆ, ಶಾಂತಾಳೂ ಹೊಗಳಿಕೆ ಕೇಳಲಿ ಎಂದು.

"ಮಾಮಾ, ಸಮುದ್ರದ ಲೆಕ್ಕದ ಜೋಡಿ ಈಗ ನೆಲದ ಮಳಿ ಲೆಕ್ಕಾನೂ ಕೂಡಿಸಾಕತ್ತೇವ್ರಿ. ನಿಮ್ಮ ಕಚೇರಿ ರಿಜಿಸ್ಟರ್ ಬಂದಾವ. ಏನ್ ಛಲೋ ಅಕ್ಷರ! ಮೂವತ್ತು ವರ್ಷದಾಗ ಒಂದು ದಿನಾನೂ ಖಾಲಿ ಇಲ್ಲ! ಆದ್ರ ಮಾಮಾ, ಪ್ರತಿ ಭಾನುವಾರ ಶನಿವಾರದಷ್ಟ ಮಳಿ ಬಂದೈತಲ್ರೀ, ಅದು ಹೆಂಗ?"

ನಾನು ಸ್ಪೀಕರ್ ಬಂದ್ ಮಾಡಲು ಕೈ ಚಾಚಿದೆ. ಉತ್ತರ ಅಡುಗೆಮನೆಯಿಂದ ಬಂತು.

"ಭಾನುವಾರ ನಿಮ್ಮ ಮಾಮಾ ನನ್ನ ತವರೂರಾಗ, ನಮ್ಮವ್ವನ ಮನ್ಯಾಗ ಇರ್ತಿದ್ರವಾ. ಊಟಕ್ಕ ಹೋಗಿರ್ತಿದ್ರು!"